ಪ್ರ: ಲೂಪಸ್ (ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ಎರಗುವ ಕಾಯಿಲೆ) ಇದೆ. ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಸರಿಯಿದೆ, ಆದರೆ ಮೂತ್ರದ ಪ್ರೋಟೀನ್ ಒಮ್ಮೆ ‘1+’ (ಸ್ವಲ್ಪ ಇದೆ), ಒಮ್ಮೆ ‘ಇಲ್ಲ’. ಎಂಸಿಪಿ-1, ಎನ್‌ಗ್ಯಾಲ್ ಎಂಬ ಹೊಸ ಬಯೋಮಾರ್ಕರ್ (ಕಿಡ್ನಿಗೆ ತೊಂದರೆಯಾಗಿದೆಯೇ ಎಂದು ಮೂತ್ರದಲ್ಲಿ ಸುಳಿವು ಕೊಡುವ ವಸ್ತು) ಟೆಸ್ಟ್ ಮಾಡಿಸಲೇ?
ಹೀಗೆ ಏರುಪೇರಾಗಲು ಹೆಚ್ಚಾಗಿ ಡಿಪ್‌ಸ್ಟಿಕ್ (ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ) ಪರೀಕ್ಷೆಯೇ ಕಾರಣ. ಜಾಸ್ತಿ ನೀರು ಕುಡಿದು ಮೂತ್ರ ತೆಳುವಾಗಿದ್ದರೆ ಪ್ರೋಟೀನ್ ಇದ್ದರೂ ಅದಕ್ಕೆ ಕಾಣಿಸುವುದಿಲ್ಲ. ಕ್ರಿಯಾಟಿನಿನ್ ಸರಿಯಿದೆ ಅಂದಿದ್ದೀರಿ, ಅದೊಂದನ್ನೇ ನಂಬಿ ಕೂರಬೇಡಿ. ಲೂಪಸ್ ಕಿಡ್ನಿಗೆ ತಗುಲಿದ ಆರಂಭದಲ್ಲಿ ಅದು ಸರಿಯಾಗಿಯೇ ಇರಬಹುದು. ನನಗೂ ಹಾಗೇ ಇತ್ತು.

ಮೊದಲು, ಬೆಳಗ್ಗೆ ಎದ್ದಾಗಿನ ಮೂತ್ರದಲ್ಲಿ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ನೋಡಿಸಿ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳಲ್ಲಿ ಬೇಡ, ಲೆಕ್ಕ ತಪ್ಪುತ್ತದೆ. ಅದೇ ಮೂತ್ರವನ್ನು ತಾಜಾ ಇರುವಾಗಲೇ ಮೈಕ್ರೋಸ್ಕೋಪಿನಲ್ಲೂ ನೋಡಲು ಹೇಳಿ. ತಡವಾದರೆ ರಕ್ತಕಣಗಳ ಕಾಸ್ಟ್‌ಗಳು (ಕಿಡ್ನಿಯ ಸಣ್ಣ ನಾಳಗಳಲ್ಲಿ ಅಚ್ಚಾದ ಕೊಳವೆಯಾಕಾರದ ತುಣುಕುಗಳು) ಕರಗಿಹೋಗುತ್ತವೆ. ಜೊತೆಗೆ ರಕ್ತದಲ್ಲಿ ಸಿ3, ಸಿ4 (ಲೂಪಸ್ ಕೆರಳಿದಾಗ ಸಾಮಾನ್ಯವಾಗಿ ಇಳಿಯುವ ಪ್ರೋಟೀನ್‌ಗಳು), ಆಂಟಿ ಡಿಎಸ್-ಡಿಎನ್‌ಎ (ಲೂಪಸ್‌ನಲ್ಲಿ ಕಾಣುವ ಪ್ರತಿಕಾಯ) ನೋಡಿಸಿ. ಅನುಪಾತ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 500 ಮಿಲಿಗ್ರಾಂ ಪ್ರೋಟೀನ್ ದಾಟಿದ್ದರೆ ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಿ, ಆಮೇಲೆ ಬಯಾಪ್ಸಿ (ಕಿಡ್ನಿಯ ಚಿಕ್ಕ ಚೂರು ತೆಗೆದು ಪರೀಕ್ಷಿಸುವುದು) ಬೇಕೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ.

ನೀವು ಹೇಳಿದ ಎಂಸಿಪಿ-1, ಎನ್‌ಗ್ಯಾಲ್ ಬಗ್ಗೆ ನನಗೂ ತುಂಬಾ ಆಸೆಯಿದೆ. ಆದರೆ ಎಷ್ಟು ದಾಟಿದರೆ ರೋಗ ಎಂಬುದಕ್ಕೆ ಎಲ್ಲರೂ ಒಪ್ಪಿದ ಗಡಿ ಇನ್ನೂ ಇಲ್ಲ, ಬಯಾಪ್ಸಿಗೆ ಅವು ಬದಲಿಯೂ ಅಲ್ಲ. ಸದ್ಯಕ್ಕೆ ಬಿಡಿ.

ಕಾಲು ಊದಿದರೆ, ಮೂತ್ರ ನೊರೆನೊರೆಯಾದರೆ, ಬಿಪಿ ಏರಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಕೂಡಲೇ ಹೋಗಿ.