ಚೈನ್ ಇದ್ದ ಮಾತ್ರಕ್ಕೆ ಮೋಸ ಅನ್ನಬಹುದೇ?

ಪ್ರಿಯ ಓದುಗರೇ,

ನಿಮ್ಮ ಅಕ್ಕ ನೇರ ಮಾರಾಟದ ಕಂಪನಿಯೊಂದಕ್ಕೆ ಸೇರಿದ್ದಾರೆ. 'ಇದು ಪಿರಮಿಡ್ ಸ್ಕೀಮ್, ಎಲ್ಲರಿಗೂ ಟೋಪಿ ಹಾಕ್ತಾರೆ' ಎನ್ನುವ ವಿಡಿಯೋಗಳು ಒಂದರ ಹಿಂದೊಂದು ನಿಮ್ಮ ಫೋನಿಗೆ ಬರುತ್ತಿವೆ. ಹಿಂದಿನ ಸಂಚಿಕೆಯಲ್ಲಿ ಅದೇ ಕಂಪನಿಯ ಬಗ್ಗೆ ಬರೆದ ನಾವು 'ಮೋಸ' ಎಂದು ಯಾಕೆ ಬರೆಯಲಿಲ್ಲ ಎಂದು ಸಿಟ್ಟಿನಿಂದ ಕೇಳಿದ್ದೀರಿ. ಅಕ್ಕನ ಮೇಲಿನ ಕಾಳಜಿಯಿಂದ ಬಂದ ಸಿಟ್ಟು ಅದು, ಅರ್ಥವಾಗುತ್ತದೆ.

ಬರೆಯಲಿಲ್ಲ, ಯಾಕೆಂದರೆ ಹಾಗೆ ಬರೆಯಲು ನಮಗೆ ಆಧಾರ ಸಿಗಲಿಲ್ಲ. ನೀವು ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಒಬ್ಬರ ಕೆಳಗೆ ಇನ್ನೊಬ್ಬರು ಸೇರುತ್ತಾರೆ, ಮೇಲಿನವರಿಗೆ ಕಮಿಷನ್ ಹೋಗುತ್ತದೆ, ಹಾಗಾಗಿ ಮೋಸ ಎನ್ನುವುದಷ್ಟೇ ಅವುಗಳ ವಾದ. ಆ ಕಮಿಷನ್ ಹಣ ಎಲ್ಲಿಂದ ಬರುತ್ತದೆ ಎಂದು ಒಬ್ಬರೂ ಕೇಳಿಲ್ಲ. ಕೇಳಬೇಕಾದದ್ದು ಅದನ್ನೇ ಅಲ್ವಾ?

ಈ ಪ್ರಶ್ನೆ ಬಹಳ ಹಿಂದೆಯೇ ಎದ್ದಿತ್ತು. 1975ರಲ್ಲಿ ಕಾಸ್ಕಾಟ್ ಎಂಬ ಕಂಪನಿಯ ಪ್ರಕರಣದಲ್ಲಿ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಒಂದು ಅಳತೆಗೋಲು ಕೊಟ್ಟಿತು. ಜನ ದುಡ್ಡು ಕೊಟ್ಟು ಸೇರುತ್ತಾರೆ, ಹೊಸಬರನ್ನು ಸೇರಿಸಿದ್ದಕ್ಕೆ ದುಡ್ಡು ಪಡೆಯುತ್ತಾರೆ, ಸರಕನ್ನು ಬಳಸುವ ಗಿರಾಕಿಗೆ ಮಾರುವುದಕ್ಕೂ ಆ ದುಡ್ಡಿಗೂ ಸಂಬಂಧವೇ ಇಲ್ಲ ಎಂದಾದರೆ ಅದು ಪಿರಮಿಡ್. ಅದೇ ಆಯೋಗ 1979ರಲ್ಲಿ ಆಮ್‌ವೇ ಎಂಬ ನೇರ ಮಾರಾಟದ ಕಂಪನಿ ಪಿರಮಿಡ್ ಅಲ್ಲ ಎಂದು ತೀರ್ಪು ಕೊಟ್ಟಿತು. ಉಳಿದ ಸರಕನ್ನು ವಾಪಸ್ ಕೊಳ್ಳುವ ನಿಯಮ ಅಲ್ಲಿತ್ತು. ಸೇರಿದವರು ತಾವು ಕೊಂಡದ್ದರಲ್ಲಿ ಶೇ. 70ರಷ್ಟಾದರೂ ಮಾರಿರಬೇಕಿತ್ತು, ತಿಂಗಳಿಗೆ 10 ಗಿರಾಕಿಗಳಿಗಾದರೂ ಮಾರಿದ್ದಕ್ಕೆ ಲೆಕ್ಕ ತೋರಿಸಬೇಕಿತ್ತು. ಸುಮ್ನೆ ಸ್ಟಾಕ್ ತುಂಬಿಸಿಕೊಂಡು ಕೂರುವಂತಿರಲಿಲ್ಲ. ಹಾಗೆಂದು ಆಯೋಗ ಆಮ್‌ವೇಯನ್ನು ಪೂರ್ತಿ ಬಿಟ್ಟುಬಿಡಲಿಲ್ಲ. ಗಳಿಕೆಯನ್ನು ಜಾಸ್ತಿ ಮಾಡಿ ಹೇಳಬೇಡಿ ಎಂದೂ ಆದೇಶಿಸಿತು.

2016ರಲ್ಲಿ ಹರ್ಬಲೈಫ್ ಎಂಬ ಇಂಥದ್ದೇ ಇನ್ನೊಂದು ಕಂಪನಿ ಇದೇ ಆಯೋಗದ ಜೊತೆ ರಾಜಿ ಮಾಡಿಕೊಂಡು 20 ಕೋಟಿ ಡಾಲರ್ ಕೊಟ್ಟಿತು. ಕಮಿಷನ್ನನ್ನು ನಿಜವಾದ ಮಾರಾಟಕ್ಕೆ ಜೋಡಿಸಲೂ ಒಪ್ಪಬೇಕಾಯಿತು. ಅಂದರೆ ಈ ವ್ಯಾಪಾರದಲ್ಲಿ ತಪ್ಪು ನಡೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ತಪ್ಪು ಹೊರಬಿದ್ದದ್ದು ಲೆಕ್ಕಪತ್ರ ಬಿಚ್ಚಿ ನೋಡಿದಾಗ.

ನಿಮ್ಮ ಅಕ್ಕ ಸೇರಿದ ಕಂಪನಿಯ ಪ್ಲಾನನ್ನೂ ನಾವು ಹಾಗೇ ಓದಿದೆವು. ಸೇರಲು ಶುಲ್ಕವಿಲ್ಲ. ಮಾರಾಟವಾದ ಸರಕಿನ ಮೇಲಷ್ಟೇ ಕಮಿಷನ್. ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರೆ. ಇಷ್ಟಿದ್ದ ಮೇಲೂ ಅದನ್ನು ಮೋಸ ಎಂದು ಅಚ್ಚು ಹಾಕಿದರೆ, ಪ್ರಾಮಾಣಿಕವಾಗಿ ಮಾರಿ ನಾಲ್ಕು ಕಾಸು ನೋಡುತ್ತಿರುವ ನಿಮ್ಮ ಅಕ್ಕನಂಥವರನ್ನೇ ಕಳ್ಳರೆಂದು ಕರೆದಂತೆ. ಅದು ನನಗೆ ಒಪ್ಪಿಗೆಯಿಲ್ಲ.

ಅವರಿಗೆ ಲಾಭವಾಗುತ್ತದೆಯೇ ಎನ್ನುವುದು ಬೇರೆ ಮಾತು. ಇಂಥ ಕೆಲಸದಲ್ಲಿ ಬಹಳ ಜನರ ಕೈಗೆ ಬರುವುದು ಸ್ವಲ್ಪವೇ. ಸಾಲ ಮಾಡಿ ಸರಕು ಕೊಳ್ಳಬೇಡಿ ಎಂದು ಅಕ್ಕನಿಗೆ ಖಂಡಿತ ಹೇಳಿ. ಹೊರಗಿನ ಗಿರಾಕಿಗಳು ಎಷ್ಟು ಜನ ಎಂದೂ ಕೇಳಿ. ಸರಕು ವಾಪಸ್ ಕೊಟ್ಟಾಗ ಕಂಪನಿ ಹಣ ಕೊಡದೆ ಸತಾಯಿಸಿದರೆ ಬಿಲ್ ಸಮೇತ ನಮಗೆ ಬರೆಯಿರಿ. ಕಂಪನಿಯ ಉತ್ತರ ಕೇಳಿ, ಎರಡನ್ನೂ ಪ್ರಕಟಿಸುತ್ತೇವೆ.

– ಸಂಪಾದಕ