ಮಂಡಿನೋವಿರುವ ಹಿರಿಯರೊಂದಿಗೆ ಅರಿಝೋನಾದ ಟೊಂಟೊ ನ್ಯಾಚುರಲ್ ಬ್ರಿಡ್ಜ್ ನೋಡಲು ಹೋಗಬಹುದೇ?

ಊರಿನಿಂದ ಬಂದಿರುವ ತಂದೆತಾಯಿ ಹಾಗೂ ಇಬ್ಬರು ಮಕ್ಕಳೊಂದಿಗೆ ಫೀನಿಕ್ಸ್‌ನಿಂದ ಒಂದು ದಿನದ ಮಟ್ಟಿಗೆ ಟೊಂಟೊ ನ್ಯಾಚುರಲ್ ಬ್ರಿಡ್ಜ್ ಸ್ಟೇಟ್ ಪಾರ್ಕಿಗೆ ಹೋಗುವುದು ಸಾರ್ಥಕವೇ, ಮಂಡಿನೋವಿರುವ ನಿಮ್ಮ ತಾಯಿಯವರಿಗೆ ಅಲ್ಲಿ ಏನಾದರೂ ಕಾಣಸಿಗುತ್ತದೆಯೇ, ಮಕ್ಕಳು ನೀರಿಗಿಳಿಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಜೋಗದಂಥ ಜಲಪಾತವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಇಲ್ಲಿ ಬೀಳುವ ನೀರು ತೆಳುವಾದದ್ದು. ಅದರ ಮಹತ್ವವಿರುವುದು ಆ ನೀರೇ ಈ ನೈಸರ್ಗಿಕ ಕಲ್ಲಿನ ಸೇತುವೆಯನ್ನು ಕಟ್ಟಿದೆ ಎಂಬುದರಲ್ಲಿ. ಇದನ್ನು ಮೊದಲೇ ತಿಳಿದು ಹೋದವರಿಗೆ ಆ ಕಮರಿ ಬೇರೆಯೇ ರೀತಿಯಲ್ಲಿ ಕಾಣುತ್ತದೆಂಬುದು ನನ್ನ ಅನುಭವ.

ತಿರುಮಲೆಯ ಶಿಲಾತೋರಣವನ್ನು ನಿಮ್ಮ ತಂದೆತಾಯಿ ನೋಡಿರಬಹುದು. ಅಲ್ಲಿ ಇದ್ದ ಬಂಡೆಯೇ ಕಾಲಾಂತರದಲ್ಲಿ ಸವೆದು ಕಮಾನಾಯಿತು. ಟೊಂಟೊದಲ್ಲಿ ನಡೆದದ್ದು ಮೊದಲು ಕಟ್ಟುವ ಕೆಲಸ, ಆಮೇಲೆ ಕೊರೆಯುವ ಕೆಲಸ. ಸುತ್ತಲಿನ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆ ಮತ್ತು ಹಿಮದ ನೀರು ನೆಲದೊಳಗಿನ ಸುಣ್ಣಕಲ್ಲಿನ ಮೂಲಕ ಇಳಿಯುತ್ತ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿಕೊಳ್ಳುತ್ತದೆ. ಕಣಿವೆಯ ಬದಿಯಲ್ಲಿ ಒರತೆಯಾಗಿ ಹೊರಬಂದು ಗಾಳಿಗೆ ತೆರೆದುಕೊಂಡಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ಕರಗಿದ್ದ ಸುಣ್ಣ ಕಲ್ಲಾಗಿ ಕೂರುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಗಟ್ಟಿಯಾಗುವ ಬಿಳಿ ಪದರವೂ ಇದೇ ಪದಾರ್ಥ. ಹೀಗೆ ಸಾವಿರಾರು ವರ್ಷ ಪದರದ ಮೇಲೆ ಪದರವಾಗಿ ಬೆಳೆದ ಟ್ರಾವರ್ಟೀನ್ ಕಲ್ಲು ಕಣಿವೆಗೆ ಅಡ್ಡಲಾಗಿ ಒಡ್ಡಿನಂತೆ ನಿಂತಿತು. ಕೆಳಗೆ ಹರಿಯುತ್ತಿದ್ದ ಪೈನ್ ಕ್ರೀಕ್ ಹಳ್ಳ ಅದರ ಬುಡವನ್ನು ಕೊರೆದು ದಾರಿ ಮಾಡಿಕೊಂಡಿತು. ಸೇತುವೆಯ ಎತ್ತರ 183 ಅಡಿ, ಅದರಡಿಯ ಸುರಂಗದ ಉದ್ದ ಸುಮಾರು 400 ಅಡಿ, ಅತಿ ಅಗಲವಾದೆಡೆ 150 ಅಡಿ. ಟ್ರಾವರ್ಟೀನ್ ಕಲ್ಲಿನ ನೈಸರ್ಗಿಕ ಸೇತುವೆಗಳಲ್ಲಿ ಜಗತ್ತಿನಲ್ಲೇ ಇದು ಅತ್ಯಂತ ದೊಡ್ಡದೆಂದು ನಂಬಲಾಗಿದೆ. ಒರತೆಗಳು ಇಂದಿಗೂ ಬತ್ತಿಲ್ಲವಾದ್ದರಿಂದ ಸೇತುವೆಯ ಅಂಚಿನಿಂದ ಎಳೆಎಳೆಯಾಗಿ ನೀರು ಬೀಳುತ್ತಲೇ ಇರುತ್ತದೆ, ಸುಣ್ಣ ಕೂರುವ ಕೆಲಸವೂ ನಡೆದೇ ಇದೆ.

ಈಗ ನಿಮ್ಮ ತಾಯಿಯವರ ವಿಷಯ. ವಾಹನ ನಿಲ್ಲಿಸುವ ಜಾಗ, ಹುಲ್ಲುಹಾಸು, ಊಟಕ್ಕೆ ಕೂರುವ ಮೇಜುಗಳು ಎಲ್ಲವೂ ಮೇಲ್ಭಾಗದ ಸಮತಟ್ಟಿನಲ್ಲಿವೆ. ಸೇತುವೆಯ ನೆತ್ತಿ ಎಷ್ಟು ಅಗಲವಾಗಿದೆಯೆಂದರೆ, ಅದರ ಮೇಲೆ ನಿಂತವರಿಗೆ ತಾವು ಸೇತುವೆಯ ಮೇಲಿದ್ದೇವೆಂಬ ಅರಿವೇ ಆಗುವುದಿಲ್ಲ. ಹೆಚ್ಚು ನಡೆಯದೆ ತಲುಪಬಹುದಾದ ನೋಟತಾಣಗಳು ಅಲ್ಲಿಯೇ ಇದ್ದು, ಅವುಗಳಿಂದ ಕಮರಿಯನ್ನೂ ಕಮಾನನ್ನೂ ನೋಡಬಹುದು. ಅವರಿಗೆ ಅಷ್ಟು ಸಾಕು. ಕೆಳಗಿಳಿಯುವಂತೆ ದಯವಿಟ್ಟು ಒತ್ತಾಯಿಸಬೇಡಿ. ವಾಟರ್‌ಫಾಲ್ ಟ್ರೇಲ್ ಎಂಬ ದಾರಿ ಸುಮಾರು 300 ಅಡಿಯಷ್ಟೇ ಉದ್ದವಾದರೂ ಏರುಪೇರಾದ ಮೆಟ್ಟಿಲುಗಳಿಂದ ಕೂಡಿದೆ, ಕೊನೆಯಲ್ಲಿ ಕಲ್ಲು ಒದ್ದೆಯಾಗಿರುತ್ತದೆ. ಮಂಡಿಗೆ ಇಳಿಯುವುದೇ ಹೆಚ್ಚು ಕಷ್ಟವೆಂಬುದು ಅವರಿಗೆ ಗೊತ್ತಿರುತ್ತದೆ, ಮಕ್ಕಳ ಉತ್ಸಾಹದ ಮುಂದೆ ಹೇಳಲಾರರು.

ನಡೆಯಬಲ್ಲವರು ಗೋವನ್ ಟ್ರೇಲ್ ಹಿಡಿದು ಹಳ್ಳದ ಮಟ್ಟದವರೆಗೆ ಇಳಿಯಲೇಬೇಕೆಂಬುದು ನನ್ನ ಅಭಿಪ್ರಾಯ. ಸುಮಾರು ಅರ್ಧ ಮೈಲಿಯ ಕಡಿದಾದ ಇಳಿಜಾರು. ಕೊನೆಯಲ್ಲಿ ಒಂದು ವೀಕ್ಷಣಾ ಕಟ್ಟೆಯಿದೆ. ಮೇಲಿನಿಂದ ಬರಿಯ ಹಸಿರು ಕಮರಿಯಂತೆ ಕಾಣುತ್ತಿದ್ದದ್ದು ಇಲ್ಲಿ ತಲೆಯ ಮೇಲಿನ ಬೃಹತ್ ಕಲ್ಲಿನ ಚಾವಣಿಯಾಗುತ್ತದೆ. ಅಂಚಿನಿಂದ ಹನಿಗಳು ಬಿಸಿಲಿನಲ್ಲಿ ಹೊಳೆಯುತ್ತ ಅಷ್ಟೆತ್ತರದಿಂದ ಬೀಳುವುದನ್ನು ನೋಡುವಾಗ ನಾನು ಮಾತು ಬಿಟ್ಟು ನಿಂತಿದ್ದೇನೆ. 1877ರಲ್ಲಿ ಡೇವಿಡ್ ಗೋವನ್ ಎಂಬ ಸ್ಕಾಟ್ಲೆಂಡ್ ಮೂಲದ ಖನಿಜಾನ್ವೇಷಕ ಅಲ್ಲಿನ ಮೂಲನಿವಾಸಿಗಳಾದ ಅಪಾಚೆ ಜನರಿಂದ ತಪ್ಪಿಸಿಕೊಳ್ಳಲು ಅಡಗಿ ಕುಳಿತದ್ದು ಈ ಸೇತುವೆಯೊಳಗಿನ ಗವಿಯೊಂದರಲ್ಲೇ ಎಂದು ಹೇಳುತ್ತಾರೆ. ಅವನು 1898ರಲ್ಲಿ ಸೋದರಳಿಯನ ಕುಟುಂಬವನ್ನು ಸ್ಕಾಟ್ಲೆಂಡಿನಿಂದ ಕರೆಸಿಕೊಂಡಾಗ ಅವರು ಮನೆಯ ಸಾಮಾನುಗಳನ್ನು ಹಗ್ಗ ಮತ್ತು ಕತ್ತೆಗಳ ನೆರವಿನಿಂದ ಈ ಕಣಿವೆಗೆ ಇಳಿಸಬೇಕಾಯಿತು. ಅಂದಿನ ಆ ಇಳಿಜಾರು ಎಂಥದ್ದೆಂದು ಗೋವನ್ ಟ್ರೇಲಿನಲ್ಲಿ ವಾಪಸು ಹತ್ತುವಾಗ ನಿಮಗೇ ತಿಳಿಯುತ್ತದೆ. ಆದ್ದರಿಂದ ಹತ್ತುವುದಕ್ಕೆ ಇಳಿದದ್ದರ ಎರಡರಷ್ಟು ಸಮಯವನ್ನೂ ಸಾಕಷ್ಟು ಕುಡಿಯುವ ನೀರನ್ನೂ ಇಟ್ಟುಕೊಳ್ಳಿ, ಅಡಿ ಗಟ್ಟಿಯಾಗಿ ಹಿಡಿಯುವ ಬೂಟುಗಳಿಲ್ಲದೆ ಇಳಿಯಬೇಡಿ.

ಸೇತುವೆಯ ಕೆಳಗೆ ಈಜಲು ಅವಕಾಶವಿಲ್ಲ. ಮಕ್ಕಳಿಗೆ ಬೇಸರವಾಗಬಹುದು, ಆದರೆ ಈ ನಿಯಮವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ: ಅಲ್ಲಿನ ಬಂಡೆಗಳು ಸದಾ ನೀರು ಸಿಡಿದು ಪಾಚಿಗಟ್ಟಿರುತ್ತವೆ. ಸೇತುವೆಯಿಂದ ದೂರದಲ್ಲಿ, ಹಳ್ಳದ ಕೆಳಹರಿವಿನಲ್ಲಿ ನೀರಿಗಿಳಿಯಬಹುದಾದ ಕಡೆಗಳಿವೆ. ಎಲ್ಲಿ ಬಿಡುತ್ತಾರೆಂದು ಆ ದಿನ ಪ್ರವೇಶದ್ವಾರದಲ್ಲಿಯೇ ವಿಚಾರಿಸಿ, ಏಕೆಂದರೆ ಹಳ್ಳ ತುಂಬಿದಾಗ ಕೆಲವು ದಾರಿಗಳನ್ನು ಮುಚ್ಚುತ್ತಾರೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅರಿಝೋನಾದ ಮುಂಗಾರು. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲ್ಗಡೆ ಬಿದ್ದ ಮಳೆಯಿಂದ ಕಮರಿಗೆ ಹಠಾತ್ತನೆ ಪ್ರವಾಹ ಬರಬಹುದು. ಆ ತಿಂಗಳುಗಳಲ್ಲಿ ಬೆಳಿಗ್ಗೆಯೇ ಇಳಿದು ಮಧ್ಯಾಹ್ನದ ಮೋಡ ಕಟ್ಟುವ ಮೊದಲು ಮೇಲೆ ಬಂದುಬಿಡುವುದು ಕ್ಷೇಮ. ಹಿರಿಯರು ಜೊತೆಗಿರುವುದರಿಂದ ಏಪ್ರಿಲ್ ಅಥವಾ ಅಕ್ಟೋಬರ್ ಆರಿಸಿಕೊಳ್ಳಿ ಎಂದೇ ನನ್ನ ಸಲಹೆ.

ಫೀನಿಕ್ಸ್‌ನಿಂದ 87ನೇ ಹೆದ್ದಾರಿಯಲ್ಲಿ ಪೇಸನ್ ದಾಟಿ ಪೈನ್ ಊರಿನ ಕಡೆಗೆ ಹೋಗಬೇಕು, ಸುಮಾರು ಎರಡು ತಾಸಿನ ಪ್ರಯಾಣ. ಸಾಗುವಾರೊ ಕಳ್ಳಿಗಳ ಮರುಭೂಮಿ ಮುಗಿದು ಪೈನ್ ಮರಗಳ ನಾಡು ಶುರುವಾಗುವುದನ್ನು ಹಿರಿಯರು ಕಾರಿನಲ್ಲಿ ಕುಳಿತೇ ನೋಡಬಹುದು. ಹೆದ್ದಾರಿಯಿಂದ ಪಾರ್ಕಿಗೆ ಇಳಿಯುವ ಕೊನೆಯ ರಸ್ತೆ ಬಹಳ ಕಡಿದು, ತಿರುವುಗಳೂ ಹೆಚ್ಚು. ಕಡಿಮೆ ಗೇರಿನಲ್ಲಿ ನಿಧಾನವಾಗಿ ಇಳಿಯಿರಿ. ಚಳಿಗಾಲದಲ್ಲಿ ಹಿಮ ಬಿದ್ದಿದ್ದರೆ ಆ ದಿನದ ಪ್ರಯಾಣವನ್ನು ಮುಂದೂಡುವುದೇ ಒಳ್ಳೆಯದು. ವಾರಾಂತ್ಯದಲ್ಲಿ ವಾಹನ ನಿಲ್ಲಿಸುವ ಜಾಗ ಬೇಗ ತುಂಬುವುದರಿಂದ ಬಾಗಿಲು ತೆರೆಯುವ ಹೊತ್ತಿಗೇ ತಲುಪಿ. ಊಟವನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಿ. ನಾಯಿಯಿದ್ದರೆ ಮನೆಯಲ್ಲೇ ಬಿಡಿ, ಕೆಳಗಿಳಿಯುವ ದಾರಿಗಳಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ನೀವು ಮಕ್ಕಳೊಂದಿಗೆ ಕೆಳಗೆ ಹೋದಾಗ ತಂದೆಯವರು ತಾಯಿಯವರೊಂದಿಗೆ ಮೇಲೆಯೇ ಉಳಿಯಲು ಒಪ್ಪಿದರೆ, ಬೆನ್ನಿಗೆ ಆಸರೆಯಿರುವ ಎರಡು ಮಡಚುವ ಕುರ್ಚಿಗಳನ್ನು ಕಾರಿನಲ್ಲಿ ಹಾಕಿಕೊಳ್ಳಿ.