ಇಡಿಡಿ ಫೋನ್ ಸಿಗುತ್ತಿಲ್ಲ ಅಂದಿರಲ್ಲ, ಅದಕ್ಕೆ

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸ ಹೋಗಿದೆ, ನಿರುದ್ಯೋಗ ಭತ್ಯೆಯ ಕ್ಲೇಮ್ ಪೆಂಡಿಂಗ್‌ನಲ್ಲೇ ನಿಂತಿದೆ, ಇಡಿಡಿಗೆ (ಆ ಭತ್ಯೆ ಕೊಡುವ ರಾಜ್ಯದ ಇಲಾಖೆ) ಎಷ್ಟು ಫೋನ್ ಮಾಡಿದರೂ ಯಾರೂ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ನಿರುದ್ಯೋಗ ಭತ್ಯೆಯ ನಂಬರ್ 1-800-300-5616, ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 8ರಿಂದ ಸಂಜೆ 5. ಸೋಮವಾರ ಬಿಟ್ಟುಬಿಡಿ, ಆವತ್ತು ರಶ್ ಜಾಸ್ತಿ. ವಾರದ ಮಧ್ಯೆ 8 ಗಂಟೆಗೇ ಪ್ರಯತ್ನಿಸಿ. ಸೋಷಿಯಲ್ ಸೆಕ್ಯೂರಿಟಿ ನಂಬರ್, ಹಳೆ ಕಂಪನಿಯ ವಿಳಾಸ, ಕೊನೆಯ ದಿನದ ತಾರೀಕು ಕೈಲಿರಲಿ.

ಆದರೆ ಸುಮ್ನೆ ಫೋನನ್ನೇ ನಂಬಿ ಕೂರಬೇಡಿ. ಆನ್‌ಲೈನ್ ಖಾತೆಯಿಂದಲೂ ಪ್ರಶ್ನೆ ಕಳಿಸಿ, ಬರವಣಿಗೆಯಲ್ಲಿ ದಾಖಲೆ ಉಳಿಯುತ್ತದೆ. ಅದಕ್ಕೂ ಉತ್ತರವಿಲ್ಲವೇ? ನಿಮ್ಮ ಏರಿಯಾದ ರಾಜ್ಯ ಅಸೆಂಬ್ಲಿ ಸದಸ್ಯರ ಕಚೇರಿಗೆ ಬರೆಯಿರಿ. ಇಂಥ ದೂರು ನೋಡಿಕೊಳ್ಳಲೆಂದೇ ಅಲ್ಲಿ ಸಿಬ್ಬಂದಿ ಇರುತ್ತಾರೆ, ಅವರು ಇಡಿಡಿಯನ್ನು ನೇರವಾಗಿ ವಿಚಾರಿಸುತ್ತಾರೆ. ನಮ್ಮೂರಲ್ಲಿ ಎಂಎಲ್‌ಎ ಆಫೀಸಿಗೆ ಹೋದ ಹಾಗೇ, ಶಿಫಾರಸು ಅಂತ ಸಂಕೋಚ ಬೇಡ. ವೋಟ್ ಇಲ್ಲದಿದ್ದರೂ ಕೇಳಬಹುದು.

ಪೆಂಡಿಂಗ್ ಇದ್ದರೂ ಎರಡು ವಾರಕ್ಕೊಮ್ಮೆ ಸರ್ಟಿಫೈ ಮಾಡೋದು (ಆ ವಾರಗಳಿಗೂ ಭತ್ಯೆಗೆ ಅರ್ಹ ಅಂತ ಇಡಿಡಿಯ ಪ್ರಶ್ನೆಗಳಿಗೆ ಉತ್ತರಿಸಿ ದೃಢಪಡಿಸೋದು) ಮಾತ್ರ ನಿಲ್ಲಿಸಬೇಡಿ. ನಿಲ್ಲಿಸಿದರೆ ಆ ವಾರಗಳ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನು, ದುಡ್ಡು ಕೊಟ್ಟರೆ ಲೈನ್ ಕೊಡಿಸುತ್ತೇವೆ ಅನ್ನುವವರಿಗೆ ಸೋಷಿಯಲ್ ಸೆಕ್ಯೂರಿಟಿ ನಂಬರ್ ಕೊಡಲೇಬೇಡಿ.

ಅಂದ ಹಾಗೆ, ನಿಮ್ಮದು ಎಚ್-1ಬಿನಾ (ಕೆಲಸಕ್ಕಾಗಿ ಕೊಡುವ ವೀಸಾ), ಗ್ರೀನ್ ಕಾರ್ಡಾ? ಎಚ್-1ಬಿ ಆದರೆ ವಿಷಯವೇ ಬೇರೆ, ಮೊದಲು ವಕೀಲರನ್ನು ಕೇಳಿ.